ಹೊಸ ಬಲ್ಬ್ ಹಾಕಿದರೂ ಫ್ರಿಜ್ ಒಳಗೆ ಕತ್ತಲು. ಇನ್ನೇನು ನೋಡಬೇಕು?

ಟಾರ್ಚ್ ಹಿಡಿದವಳು
ಎಲ್ಲರಿಗೂ ನಮಸ್ಕಾರ. ನಮ್ಮ ಫ್ರಿಜ್ ಒಳಗಿನ ಲೈಟ್ ಹೋಗಿ ಮೂರು ವಾರ ಆಯ್ತು. ರಾತ್ರಿ ಬಾಗಿಲು ತೆಗೆದರೆ ಗುಹೆ. ಒಂದು ಕೈಯಲ್ಲಿ ಮೊಬೈಲ್ ಟಾರ್ಚ್, ಇನ್ನೊಂದು ಕೈಯಲ್ಲಿ ಡಬ್ಬಿ, ಬಾಗಿಲು ಮೊಣಕೈಯಲ್ಲಿ.

ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್, ಒಂಬತ್ತು ವರ್ಷ ಹಳೆಯದು. ತಂಪು ಚೆನ್ನಾಗಿದೆ, ಐಸ್ ಕೂಡ ಆಗುತ್ತಿದೆ. ಒಳಗಿರುವುದು ತಿರುಗಿಸಿ ಹಾಕುವ ಚಿಕ್ಕ ಬಲ್ಬ್, ಮೇಲೆ 15 ವ್ಯಾಟ್ ಅಂತ ಬರೆದಿದೆ. ಬಲ್ಬೇ ಹೋಗಿರಬೇಕು ಅಂತ ಹೊಸದು ತಂದೆ. ತಿರುಗಿಸುವಾಗ ಒಂದು ಸಲ ಮಿಣುಕ್ ಅಂದಿತು. ಸದ್ಯ, ಬಂತು ಅಂದುಕೊಂಡು ಗಟ್ಟಿಯಾಗಿ ಬಿಗಿದೆ. ಆಮೇಲೆ ಏನೂ ಇಲ್ಲ. ಅದೂ ಸುಟ್ಟಿತೇನೋ ಅಂತ ಇನ್ನೊಂದು ತಂದೆ. ಅದೂ ಹಾಗೇ.

ಬಾಗಿಲ ಹತ್ತಿರ ಇರುವ ಸ್ವಿಚ್ಚನ್ನು ಬೆರಳಲ್ಲಿ ಒತ್ತಿದರೆ ಟಿಕ್ ಅನ್ನುತ್ತೆ. ಅಂದರೆ ಸ್ವಿಚ್ ಸರಿ ಇದೆ ಅಲ್ವಾ? ಮನೆಯಲ್ಲಿ ಎಲ್ಲರೂ "ಫ್ರಿಜ್‌ನ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ" ಅಂತಿದ್ದಾರೆ. ಮಾಡಿ ಅನುಭವ ಇರುವವರು ಯಾರಾದರೂ ಹೇಳಿ.

ಸ್ಕ್ರೂಡ್ರೈವರ್ ಸಂಘ
ತಂಪು ಆಗುತ್ತಿದೆ ಅಂದಮೇಲೆ ಪ್ಲಗ್‌ಗೆ ಕರೆಂಟ್ ಬರ್ತಿದೆ. ಇನ್ನು ಉಳಿದದ್ದು ನಾಲ್ಕೇ: ಬಲ್ಬ್, ಹೋಲ್ಡರ್, ಬಾಗಿಲ ಸ್ವಿಚ್, ಇವುಗಳ ನಡುವಿನ ವೈರ್. ಬಲ್ಬ್ ಹಾಕಿ ಹಚ್ಚುವ ಮಾದರಿಗಳಲ್ಲಿ ಲೈಟ್‌ಗೂ ಬೋರ್ಡ್‌ಗೂ ಎಷ್ಟೋ ಸಲ ಸಂಬಂಧವೇ ಇರೋದಿಲ್ಲ. ಬೋರ್ಡ್ ಮಾತು ಈಗಲೇ ಬೇಡ.

ನನ್ನ ಪಂದ್ಯ ಸ್ವಿಚ್ ಮೇಲೆ. ಹತ್ತರಲ್ಲಿ ಎಂಟು ಸಲ ಅದೇ.

ಹಳೇ ಮೆಕ್ಯಾನಿಕ್
ಮೇಡಂ, ಬಲ್ಬ್ ತಿರುಗಿಸುವಾಗ ಮಿಣುಕಿತು ಅಂದರೆ ಪ್ಲಗ್ ಕೀಳದೆ ಬಲ್ಬ್ ಹಾಕಿದ್ದೀರಿ ಅಂತಾಯ್ತು. ಇನ್ನು ಮುಂದೆ ಹಾಗೆ ಮಾಡಬೇಡಿ. ಫ್ರಿಜ್ ಒಳಗೆ ಯಾವಾಗಲೂ ತೇವ. ಕೈ ಒದ್ದೆ ಇರುತ್ತೆ, ಹೋಲ್ಡರ್ ಲೋಹದ ಅಂಚು ಬೆರಳಿಗೆ ಸಿಗುವ ಹಾಗೆ ಇರುತ್ತೆ. ಥರ್ಮೋಸ್ಟಾಟ್ ಸೊನ್ನೆಗೆ ತಿರುಗಿಸಿದರೆ ಸಾಕು ಅಂತ ಎಷ್ಟೋ ಜನ ಅಂದುಕೊಳ್ತಾರೆ. ಸಾಕಾಗಲ್ಲ. ಸೊನ್ನೆಯಲ್ಲಿ ಕಂಪ್ರೆಸರ್ ನಿಲ್ಲುತ್ತೆ, ಲೈಟ್ ದಾರಿಯಲ್ಲಿ ಕರೆಂಟ್ ಇದ್ದೇ ಇರುತ್ತೆ. ಗೋಡೆಯಿಂದ ಪ್ಲಗ್ಗೇ ಕಿತ್ತು ಕೆಳಗಿಡಿ.

ಟಿಕ್ ಅನ್ನೋದು ಒಳಗಿನ ಸ್ಪ್ರಿಂಗ್ ಸದ್ದು. ಕರೆಂಟ್ ದಾಟುತ್ತಿದೆ ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ. ಒಳಗಿನ ಸಂಪರ್ಕ ಸುಟ್ಟು ಕಪ್ಪಾಗಿದ್ದರೂ ಟಿಕ್ ಅನ್ನುತ್ತೆ.

ಓಮ್ ಲೆಕ್ಕ
ಮೊದಲು ಬಲ್ಬ್ ಬದುಕಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಹೊಸದು ಅಂದ ಮಾತ್ರಕ್ಕೆ ಸರಿ ಇರಬೇಕಂತಿಲ್ಲ. ಮಲ್ಟಿಮೀಟರ್ ಇದ್ದರೆ ಓಮ್‌ಗೆ, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ ಅಳೆಯುವ ಕಡೆಗೆ, ಇಟ್ಟು ಒಂದು ಮೊನೆ ಬಲ್ಬಿನ ತಳದ ಬೊಟ್ಟಿಗೆ, ಇನ್ನೊಂದು ಪಕ್ಕದ ಸುರುಳಿ ಲೋಹಕ್ಕೆ ಹಿಡಿಯಿರಿ. 230 ವೋಲ್ಟಿನ 15 ವ್ಯಾಟ್ ತಂತಿ ಬಲ್ಬ್ ಉರಿಯುವಾಗ ಸುಮಾರು 3500 ಓಮ್ ಇರುತ್ತೆ. ತಣ್ಣಗಿದ್ದಾಗ ಅದರ ಹತ್ತನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ, ಅಂದರೆ ಮುನ್ನೂರರ ಆಸುಪಾಸು. ಇಷ್ಟು ಕಡಿಮೆ ತೋರಿಸಿತಲ್ಲ, ಶಾರ್ಟ್ ಆಗಿದೆಯೇನೋ ಅಂತ ಗಾಬರಿ ಬೇಡ. ಟಂಗ್‌ಸ್ಟನ್ ಗುಣವೇ ಅದು. ಏನೂ ತೋರಿಸದಿದ್ದರೆ ತಂತಿ ಕಡಿದಿದೆ.

ಎಲ್‌ಇಡಿ ಬಲ್ಬ್ ಆದರೆ ಈ ಪರೀಕ್ಷೆ ನಡೆಯಲ್ಲ. ಅದರೊಳಗೆ ಸಣ್ಣ ಸರ್ಕ್ಯೂಟ್ ಇರುತ್ತೆ, ಮೀಟರ್ ಹೇಳಿದ್ದಕ್ಕೆ ಅರ್ಥ ಇಲ್ಲ. ಅದೇ ಅಳತೆಯ ಬೇರೆ ಹೋಲ್ಡರ್‌ಗೆ ಹಾಕಿಯೇ ನೋಡಬೇಕು.

ಎರಡು ಬಾಗಿಲು
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು ಉಲ್ಟಾ ಕೇಸ್. ಬಾಗಿಲು ಮುಚ್ಚಿದ ಮೇಲೂ ಲೈಟ್ ಆರೋದಿಲ್ಲ ಅಂತ ನನಗೆ ಅನುಮಾನ. ಬೆಳಿಗ್ಗೆ ತೆಗೆದಾಗ ಲೈಟ್ ಕವರ್ ಬೆಚ್ಚಗಿರುತ್ತೆ. ಆದರೆ ಮುಚ್ಚಿದ ಮೇಲೆ ಒಳಗೆ ಏನಾಗ್ತಿದೆ ಅಂತ ನೋಡೋದು ಹೇಗೆ?

ಸ್ಕ್ರೂಡ್ರೈವರ್ ಸಂಘ
ಮೊಬೈಲ್‌ನಲ್ಲಿ ವೀಡಿಯೊ ಆನ್ ಮಾಡಿ ಒಳಗಿಡಿ, ಅರ್ಧ ನಿಮಿಷ ಬಾಗಿಲು ಮುಚ್ಚಿ, ತೆಗೆದು ನೋಡಿ. ಚಿಕ್ಕಂದಿನಲ್ಲಿ ಎಲ್ಲರಿಗೂ ಇದ್ದ ಪ್ರಶ್ನೆಗೆ ಉತ್ತರ ಸಿಗುತ್ತೆ :)

ಹಳೇ ಮೆಕ್ಯಾನಿಕ್
@ಎರಡು ಬಾಗಿಲು, ಕವರ್ ಬೆಚ್ಚಗಿದ್ದರೆ ಅನುಮಾನ ಬೇಡ, ಆರ್ತಿಲ್ಲ. ಬಾಗಿಲು ಸ್ವಲ್ಪ ಜಗ್ಗಿರುತ್ತೆ. ಇಲ್ಲವೇ ಸ್ವಿಚ್ಚನ್ನು ಒತ್ತಬೇಕಾದ ಬಾಗಿಲಿನ ಒಳಮೈಯ ಉಬ್ಬು ಮುರಿದಿರುತ್ತೆ. ಸ್ವಿಚ್ ಮೂತಿಗೆ ಸ್ವಲ್ಪ ಬಣ್ಣ ಹಚ್ಚಿ ಬಾಗಿಲು ಮುಚ್ಚಿ ತೆಗೆಯಿರಿ. ಬಾಗಿಲಿಗೆ ಬಣ್ಣ ಅಂಟಿತಾ, ಎಲ್ಲಿ ಅಂಟಿತು ಅಂತ ನೋಡಿ.

15 ವ್ಯಾಟ್ ಬಲ್ಬ್ ದಿನವಿಡೀ ಉರಿದರೆ 0.36 ಯೂನಿಟ್. ಅದು ಚಿಕ್ಕ ಮಾತು. ಆ ಬಲ್ಬಿನ ಬಿಸಿಯನ್ನೆಲ್ಲ ಹೊರಗೆ ಹಾಕೋಕೆ ಕಂಪ್ರೆಸರ್ ಮತ್ತೆ ದುಡಿಯಬೇಕು. ಸರಿ ಮಾಡುವವರೆಗೆ ಪ್ಲಗ್ ಕಿತ್ತು ಬಲ್ಬ್ ಬಿಚ್ಚಿಟ್ಟುಬಿಡಿ.

ಟಾರ್ಚ್ ಹಿಡಿದವಳು
ಮೀಟರ್ ಎರವಲು ತಂದೆ. ಪ್ಲಗ್ ಕಿತ್ತೇ ಮಾಡಿದೆ, ಬೈಯಬೇಡಿ. ಹೊಸ ಬಲ್ಬ್ ಒಂದು 288, ಇನ್ನೊಂದು 294 ತೋರಿಸಿತು. ಎರಡೂ ಸರಿ ಇವೆ ಅಂತಾಯ್ತು.

ಇನ್ನೊಂದು ವಿಷಯ. ಮತ್ತೆ ಪ್ಲಗ್ ಹಾಕಿ ಬಾಗಿಲು ತೆಗೆದೇ ಸ್ವಿಚ್ ಒತ್ತಿ ಹಿಡಿದರೆ ಒಳಗೆ ಫ್ಯಾನ್ ತಿರುಗುವ ಸದ್ದು ಬರುತ್ತೆ. ಬಿಟ್ಟರೆ ನಿಲ್ಲುತ್ತೆ. ಹಾಗಿದ್ದರೆ ಸ್ವಿಚ್ ಪಕ್ಕಾ ಸರಿ ಅಲ್ವಾ?

ಸ್ಕ್ರೂಡ್ರೈವರ್ ಸಂಘ
ಹಾಗಾದ್ರೆ ಸ್ವಿಚ್ ಸರಿ ಇದೆ. ವೈರ್ ಕಡಿದಿರಬೇಕು.

ಹಳೇ ಮೆಕ್ಯಾನಿಕ್
ಅವಸರ ಬೇಡ. ಫ್ರಾಸ್ಟ್ ಫ್ರೀ ಫ್ರಿಜ್‌ಗಳಲ್ಲಿ ಆ ಒಂದು ಗುಂಡಿ ಎಷ್ಟೋ ಸಲ ಎರಡು ಕೆಲಸ ಮಾಡುತ್ತೆ. ಬಾಗಿಲು ತೆರೆದಾಗ ಲೈಟ್ ಹಚ್ಚಬೇಕು, ಫ್ಯಾನ್ ನಿಲ್ಲಿಸಬೇಕು. ಇಲ್ಲದಿದ್ದರೆ ಫ್ಯಾನ್ ತಣ್ಣನೆ ಗಾಳಿಯನ್ನೆಲ್ಲ ಹೊರಗೆ ತಳ್ಳುತ್ತೆ. ಅದಕ್ಕೆ ಒಳಗೆ ಎರಡು ಜೊತೆ ಸಂಪರ್ಕ. ಒಂದು ಜೊತೆ ಗುಂಡಿ ಬಿಟ್ಟಾಗ ಸೇರುತ್ತೆ, ಅದು ಲೈಟ್‌ದು. ಇನ್ನೊಂದು ಒತ್ತಿದಾಗ ಸೇರುತ್ತೆ, ಅದು ಫ್ಯಾನ್‌ದು. ಫ್ಯಾನ್ ಜೊತೆ ಚೆನ್ನಾಗಿದ್ದು ಲೈಟ್ ಜೊತೆ ಸುಟ್ಟಿರೋದು ನಾನು ಬೇಕಾದಷ್ಟು ನೋಡಿದ್ದೀನಿ. ಫ್ಯಾನ್ ಸದ್ದು ಹೇಳೋದು ಒಂದೇ: ಸ್ವಿಚ್ ತನಕ ಕರೆಂಟ್ ಬಂದಿದೆ.

ಸ್ವಿಚ್ ಹೊರಗೆ ತೆಗೆದು ಅಳೆಯಲೇಬೇಕು. ಪ್ಲಗ್ ಕಿತ್ತು, ತೆಳು ಪ್ಲಾಸ್ಟಿಕ್ ಪಟ್ಟಿ ಅಥವಾ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಅಂಚನ್ನು ಮೀಟಿ. ಅದು ಸ್ಕ್ರೂ ಇಲ್ಲದೆ ಕಚ್ಚಿಕೊಂಡಿರುತ್ತೆ, ನಿಧಾನವಾಗಿ ಎರಡೂ ಕಡೆ ಮೀಟಿದರೆ ಈಚೆ ಬರುತ್ತೆ. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಯಾವ ವೈರ್ ಎಲ್ಲಿತ್ತು ಅಂತ. ಇನ್ನೂ ಮುಖ್ಯವಾದದ್ದು: ವೈರ್ ಬಿಚ್ಚಿದ ತಕ್ಷಣ ಅದನ್ನು ಹೊರಗೆ ಟೇಪ್ ಹಾಕಿ ಅಂಟಿಸಿ. ಒಳಗೆ ಜಾರಿದರೆ ಫೋಮ್ ನಡುವೆ ಹೋಗುತ್ತೆ, ಆಮೇಲೆ ಅಳಬೇಕಾಗುತ್ತೆ.

ಮ್ಯಾಗ್ನೆಟ್ ಮನುಷ್ಯ
ನಮ್ಮ ಫ್ರಿಜ್‌ನಲ್ಲಿ ಬಲ್ಬೂ ಇಲ್ಲ, ಗುಂಡಿಯೂ ಇಲ್ಲ. ಮೇಲ್ಗಡೆ ಎಲ್‌ಇಡಿ ಪಟ್ಟಿ. ಅದೂ ಹೋಗಿದೆ. ಇದನ್ನು ಹೇಗೆ ನೋಡೋದು? ಬೇರೆ ಚರ್ಚೆ ಶುರು ಮಾಡಲಾ?

ಓಮ್ ಲೆಕ್ಕ
ಇಲ್ಲೇ ಇರಲಿ. ಗುಂಡಿ ಇಲ್ಲ ಅಂದರೆ ಹೆಚ್ಚಾಗಿ ಬಾಗಿಲಲ್ಲಿ ಅಯಸ್ಕಾಂತ ಇರುತ್ತೆ, ಫ್ರಿಜ್ ಮೈಯಲ್ಲಿ ಅದಕ್ಕೆ ಎದುರಾಗಿ ಅಯಸ್ಕಾಂತ ಹತ್ತಿರ ಬಂದದ್ದನ್ನು ಗುರುತಿಸುವ ರೀಡ್ ಸ್ವಿಚ್ ಅಥವಾ ಹಾಲ್ ಸೆನ್ಸರ್. ಬಾಗಿಲು ತೆರೆದಿಟ್ಟು ಒಂದು ಚಿಕ್ಕ ಅಯಸ್ಕಾಂತವನ್ನು ಚೌಕಟ್ಟಿನ ಮೇಲ್ಭಾಗದಲ್ಲಿ ನಿಧಾನವಾಗಿ ಓಡಿಸಿ. ಒಂದು ಕಡೆ ಬಂದಾಗ ಫ್ಯಾನ್ ಸದ್ದು ಬದಲಾದರೆ, ಅಥವಾ ಬಾಗಿಲು ತೆರೆದಿದೆ ಅನ್ನುವ ಬೀಪ್ ನಿಂತರೆ, ಸೆನ್ಸರ್ ಬದುಕಿದೆ.

ಆಮೇಲೆ ಪ್ಲಗ್ ಕಿತ್ತು ಪಟ್ಟಿಯ ಕನೆಕ್ಟರ್ ಬಿಚ್ಚಿ ಹಾಕಿ ನೋಡಿ. ತೇವಕ್ಕೆ ಅಲ್ಲೇ ಕಿಲುಬು ಹಿಡಿಯೋದು ಜಾಸ್ತಿ. ಹೆಚ್ಚಿನ ಮಾದರಿಗಳಲ್ಲಿ ಪಟ್ಟಿಗೆ ಬೋರ್ಡ್‌ನಿಂದ 12 ವೋಲ್ಟ್ ಡಿಸಿ ಬರುತ್ತೆ. ಕನೆಕ್ಟರ್ ತನಕ 12 ಬಂದು ಪಟ್ಟಿ ಉರಿಯದಿದ್ದರೆ ಪಟ್ಟಿ ಹೋಗಿದೆ. 12 ಬರದಿದ್ದರೆ ಸೆನ್ಸರ್, ವೈರ್, ಬೋರ್ಡ್, ಈ ಕ್ರಮದಲ್ಲಿ ಹಿಂದಕ್ಕೆ ಹೋಗಿ. ಕೆಲವು ಮಾದರಿಗಳಲ್ಲಿ ಎಲ್‌ಇಡಿಗೂ ಮನೆಯ ಕರೆಂಟೇ ನೇರವಾಗಿ ಹೋಗುತ್ತೆ. ಪಟ್ಟಿಯ ಮೇಲೆ ಬರೆದದ್ದನ್ನು ಓದದೆ ಮೀಟರ್ ಹಿಡಿಯಬೇಡಿ.

ಮತ್ತೆ, ಡಿಸಿ ಪಟ್ಟಿಗೆ ಪ್ಲಸ್ ಮೈನಸ್ ಉಂಟು. ತಿರುಗಿಸಿ ಹಾಕಿದರೆ ಹೊಸದೂ ಉರಿಯಲ್ಲ, ನೀವು ಅಂಗಡಿಯವನನ್ನು ಬೈತಾ ಕೂರ್ತೀರಿ.

ಸುಮ್ನೆ ಓದೋನು
ನಾನು ಒಂದು ಸಲ ಇಡೀ ಫ್ರಿಜ್ ಖಾಲಿ ಮಾಡಿ ಒರೆಸುತ್ತಾ ಕೂತಿದ್ದೆ. ಹತ್ತು ನಿಮಿಷಕ್ಕೆ ಲೈಟ್ ಹೋಯ್ತು. ನೀರು ಹೋಗಿ ಏನೋ ಸುಟ್ಟೇ ಹೋಯ್ತು ಅಂತ ಎದೆ ಧಸಕ್ ಅಂತು. ಬಾಗಿಲು ಮುಚ್ಚಿ ತೆಗೆದರೆ ಮತ್ತೆ ಬಂತು. ಎಲೆಕ್ಟ್ರಾನಿಕ್ ಫ್ರಿಜ್‌ಗಳಲ್ಲಿ ಕೆಲವು, ಬಾಗಿಲು ತುಂಬ ಹೊತ್ತು ತೆರೆದಿದ್ದರೆ ಲೈಟನ್ನು ತಾವೇ ಆರಿಸುತ್ತವಂತೆ. ಕೈಪಿಡಿಯಲ್ಲಿ ಇತ್ತು. ಯಾರು ಓದ್ತಾರೆ?

ಟಾರ್ಚ್ ಹಿಡಿದವಳು
ಹಳೇ ಮೆಕ್ಯಾನಿಕ್ ಅವರೇ, ನೀವು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಮಾಡಿದೆ, ಟೇಪ್ ಒಂದು ಬಿಟ್ಟು.

ಸ್ವಿಚ್ ಈಚೆ ಬಂತು. ಹಿಂದೆ ನಾಲ್ಕು ವೈರ್. ಫೋಟೋ ತೆಗೆದೆ, ಒಂದೊಂದೇ ಕಿತ್ತೆ. ನಾಲ್ಕನೆಯದು ಕೀಳುವಷ್ಟರಲ್ಲಿ ಮೊದಲನೆಯದು, ಬಿಳಿ ವೈರ್, ಬಿಲಕ್ಕೆ ಹೋಗುವ ಹುಳದ ಹಾಗೆ ಮೆಲ್ಲಗೆ ಒಳಗೆ ಸರಿದುಹೋಯ್ತು. ಹಿಡಿಯೋಕೆ ಕೈ ಹಾಕಿದೆ, ಬೆರಳ ತುದಿಗೆ ತಾಗಿ ಇನ್ನೂ ಒಳಗೆ ಹೋಯ್ತು. ಅರ್ಧ ಗಂಟೆ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕ್ರೋಶಾ ಕಡ್ಡಿಯಿಂದ ಗಾಳ ಹಾಕಿದೆ. ಕೊನೆಗೂ ಸಿಕ್ಕಿತು. ನಾಲ್ಕಕ್ಕೂ ಈಗ ಟೇಪ್ ಇದೆ, ಬೇಕಾದ್ದಕ್ಕಿಂತ ಜಾಸ್ತಿಯೇ.

ಅಳತೆ: ಲೈಟ್ ಜೊತೆ ಗುಂಡಿ ಬಿಟ್ಟಾಗ 0.4 ಓಮ್, ಒತ್ತಿದಾಗ ಏನೂ ಇಲ್ಲ. ಫ್ಯಾನ್ ಜೊತೆ ಅದರ ಉಲ್ಟಾ. ಹತ್ತು ಸಲ ಒತ್ತಿದೆ, ಹತ್ತು ಸಲವೂ ಹಾಗೇ.

ಹಳೇ ಮೆಕ್ಯಾನಿಕ್
ಹಾಗಾದರೆ ಸ್ವಿಚ್ ಸರಿ ಇದೆ. ಸೊನ್ನೆಯ ಹತ್ತಿರ ತೋರಿಸಿದರೆ ಸಂಪರ್ಕ ಸೇರಿದೆ, ಏನೂ ತೋರಿಸದಿದ್ದರೆ ಬಿಟ್ಟಿದೆ ಅಂತ. ಈಗ ಹೇಳಬಹುದು. ಬಲ್ಬ್ ಸರಿ, ಸ್ವಿಚ್ ಸರಿ. ಉಳಿದದ್ದು ಹೋಲ್ಡರ್ ಮತ್ತು ವೈರ್.

ಸ್ಕ್ರೂಡ್ರೈವರ್ ಸಂಘ
ನನ್ನ ಪಂದ್ಯ ಸೋತಿತು. ವೈರ್ ಅಂದಿದ್ದೆ ಅಲ್ವಾ, ಅದರ ಮೇಲೆ ಇನ್ನೂ ನಿಂತಿದ್ದೀನಿ. ಬಾಗಿಲು ಆಡಿಸುವಾಗ ಲೈಟ್ ಮಿಣುಕಿದರೆ ಕೀಲಿನ ಹತ್ತಿರ ವೈರ್ ಸವೆದಿರುತ್ತೆ.

ಹಳೇ ಮೆಕ್ಯಾನಿಕ್
ಅದು ಬಾಗಿಲೊಳಗೆ ಡಿಸ್‌ಪ್ಲೇ ಅಥವಾ ಸ್ವಿಚ್ ಇದ್ದರೆ ಮಾತ್ರ. ಇವರ ಸ್ವಿಚ್ ಇರೋದು ಫ್ರಿಜ್ ಮೈಯಲ್ಲಿ, ಬಲ್ಬೂ ಅಲ್ಲೇ. ಕೀಲಿನಲ್ಲಿ ಹೋಗೋಕೆ ವೈರೇ ಇಲ್ಲ. ಮೈ ಒಳಗೆ ಫೋಮ್‌ನಲ್ಲಿ ಹುದುಗಿದ ವೈರ್ ಸುಮ್ನೆ ಕಡಿಯಲ್ಲ, ಅದನ್ನು ಯಾರೂ ಅಲುಗಾಡಿಸಲ್ಲ.

ವೈರ್ ಹುಡುಕೋಕೆ ಅಂತ ಒಳಗಿನ ಪ್ಲಾಸ್ಟಿಕ್ ಕೊರೆಯೋಕೆ ಯಾರೂ ಹೋಗಬೇಡಿ. ಅದರ ಹಿಂದೆ ಗ್ಯಾಸ್ ಕೊಳವೆ ಇರಬಹುದು. ಈಗಿನ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಆರ್600ಎ, ಅಂದರೆ ಐಸೊಬ್ಯುಟೇನ್. ಬೆಂಕಿ ಹತ್ತುವ ಗ್ಯಾಸ್.

ಸುಮ್ನೆ ಓದೋನು
ನನಗೆ ರಿಪೇರಿ ಗೊತ್ತಿಲ್ಲ, ಓದೋದು ಗೊತ್ತು. ಮೇಡಂ ಮೊದಲ ಪೋಸ್ಟ್ ಮತ್ತೆ ಓದಿದೆ. "ತಿರುಗಿಸುವಾಗ ಒಂದು ಸಲ ಮಿಣುಕ್ ಅಂದಿತು, ಗಟ್ಟಿಯಾಗಿ ಬಿಗಿದೆ, ಆಮೇಲೆ ಏನೂ ಇಲ್ಲ." ಮಿಣುಕಿತು ಅಂದರೆ ಆ ಕ್ಷಣದಲ್ಲಿ ಸ್ವಿಚ್ಚೂ ಸರಿ ಇತ್ತು, ವೈರೂ ಸರಿ ಇತ್ತು, ಬಲ್ಬೂ ಸರಿ ಇತ್ತು ಅಲ್ವಾ? ಬಿಗಿದಾಗ ಹೋಯ್ತು. ಹಾಗಿದ್ದರೆ ಬಿಗಿದ ಜಾಗದಲ್ಲೇ ಏನೋ ಇದೆ. ತಪ್ಪಿದ್ದರೆ ನಗಬೇಡಿ.

ಹಳೇ ಮೆಕ್ಯಾನಿಕ್
ನಗೋದಲ್ಲ, ನಾಚಿಕೆ ಆಗ್ತಿದೆ. ಆ ಮಾತು ಓದಿ ನಾನು ಬೈಯೋದರಲ್ಲೇ ಇದ್ದೆ, ಅದು ಏನು ಹೇಳ್ತಿದೆ ಅಂತ ಕೇಳಲೇ ಇಲ್ಲ. ಇವರು ಹೇಳಿದ್ದು ನೂರಕ್ಕೆ ನೂರು.

ಮೇಡಂ, ಪ್ಲಗ್ ಕಿತ್ತು ಬಲ್ಬ್ ಬಿಚ್ಚಿ. ಹೋಲ್ಡರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಒಂದು ಹಿತ್ತಾಳೆ ಪಟ್ಟಿ ಇರುತ್ತೆ, ನಾಲಿಗೆ ಥರ. ಬಲ್ಬಿನ ತಳದ ಬೊಟ್ಟು ಅದಕ್ಕೆ ತಾಗಬೇಕು. ನೋಡಬೇಕಾದ್ದು ಮೂರು. ನಾಲಿಗೆ ಒಳಕ್ಕೆ ಕುಗ್ಗಿದೆಯಾ? ಹಸಿರು ಕಿಲುಬು ಇದೆಯಾ? ಅದರ ಬುಡದ ರಿವೆಟ್ ಅಲ್ಲಾಡ್ತಿದೆಯಾ? ಹೋಲ್ಡರ್ ಹಿಂದಿನ ಟರ್ಮಿನಲ್‌ಗೆ ಮೀಟರಿನ ಒಂದು ಮೊನೆ, ನಾಲಿಗೆಗೆ ಇನ್ನೊಂದು. ಆಮೇಲೆ ಮರದ ಕಡ್ಡಿಯಿಂದ ನಾಲಿಗೆಯನ್ನು ಒತ್ತಿ, ಬಿಟ್ಟು, ನೋಡಿ.

ಟಾರ್ಚ್ ಹಿಡಿದವಳು
ಸಿಕ್ಕಿತು!!

ಕವರ್ ಬಿಚ್ಚಿ ಹೋಲ್ಡರ್ ಈಚೆ ತೆಗೆದೆ. ನಾಲಿಗೆಯ ಬುಡದಲ್ಲಿ ಹಸಿರು ಪುಡಿ, ಉಗುರಲ್ಲಿ ಕೆರೆದರೆ ಉದುರುತ್ತೆ. ಸುಮ್ಮನೆ ಇದ್ದಾಗ ಮೀಟರ್ 0.6. ಕಡ್ಡಿಯಿಂದ ಸ್ವಲ್ಪ ಒತ್ತಿದರೂ 0.6. ಇನ್ನೂ ಒತ್ತಿದರೆ ನಾಲಿಗೆ ಒಂದು ಕಡೆ ವಾಲಿ ಅಂಕಿ ಕುಣಿಯುತ್ತೆ, 40, 900, ಆಮೇಲೆ ಏನೂ ಇಲ್ಲ. ಬಿಟ್ಟರೆ ಮತ್ತೆ 0.6. ರಿವೆಟ್ ಸಡಿಲ, ಅಲುಗಾಡುವ ಹಲ್ಲಿನ ಹಾಗೆ.

ಮತ್ತೆ ಜೋಡಿಸಿ, ಬಲ್ಬನ್ನು ಪೂರ್ತಿ ಬಿಗಿದು, ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಆಮೇಲೆ ಪ್ಲಗ್ ಹಾಕಿದೆ. ಬೆಳಕು ಬಂತು!

ಸ್ಕ್ರೂಡ್ರೈವರ್ ಸಂಘ
ಅಷ್ಟೇ, ಹಾಗೇ ಬಿಡಿ. ಕಾಲು ಸುತ್ತು ಸಡಿಲ, ಕೆಲಸ ಮುಗೀತು, ಖರ್ಚಿಲ್ಲ.

ಹಳೇ ಮೆಕ್ಯಾನಿಕ್
ದಯವಿಟ್ಟು ಹಾಗೆ ಬಿಡಬೇಡಿ. ಅರೆಬರೆ ಸಂಪರ್ಕದಲ್ಲಿ ಸಣ್ಣ ಕಿಡಿ ಹಾರುತ್ತಲೇ ಇರುತ್ತೆ. ಪ್ರತಿ ಸಲ ಬಾಗಿಲು ಹಾಕಿದಾಗ ಫ್ರಿಜ್ ಅದುರುತ್ತೆ, ಸಡಿಲ ಬಲ್ಬ್ ಇನ್ನೂ ಸಡಿಲ ಆಗುತ್ತೆ, ಆ ಜಾಗ ಬಿಸಿಯಾಗಿ ಹೋಲ್ಡರ್ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತೆ. ಸುಟ್ಟ ವಾಸನೆ ಬರುವವರೆಗೆ ಕಾಯೋದೇಕೆ?

ನಾಲಿಗೆ ಬರೀ ಕುಗ್ಗಿದ್ದರೆ ಎತ್ತಿ ಕೂರಿಸಬಹುದಿತ್ತು. ಬರೀ ಕಿಲುಬಾದರೆ ಸಣ್ಣ ಉಜ್ಜುಕಾಗದ ಸಾಕಿತ್ತು. ರಿವೆಟ್ ಸಡಿಲ ಆದಮೇಲೆ ಹೋಲ್ಡರ್ ಬದಲಿಸುವುದೇ ದಾರಿ. ದೊಡ್ಡ ಸಾಮಾನೇನಲ್ಲ. ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಳತೆ ಬಾಯಲ್ಲಿ ಹೇಳಬೇಡಿ.

ಓಮ್ ಲೆಕ್ಕ
ಅಳತೆಯ ಬಗ್ಗೆ ಒಂದು ಮಾತು. ಫ್ರಿಜ್‌ಗಳಲ್ಲಿ ಹೆಚ್ಚಾಗಿ ಸಿಗೋದು ಇ14, ಅಂದರೆ ಸುರುಳಿಯ ಅಗಲ 14 ಮಿಲಿಮೀಟರ್. ಮನೆಯ ದೊಡ್ಡ ತಿರುಗಿಸುವ ಬಲ್ಬ್ ಇ27, ಅದು 27 ಮಿಲಿಮೀಟರ್. ಆ ಇ ಅನ್ನೋದು ಎಡಿಸನ್‌ದು.

ವ್ಯಾಟ್ ವಿಚಾರದಲ್ಲಿ ಧಾರಾಳ ಬೇಡ. ಕವರ್ ಮೇಲೆ 15 ಅಂತ ಇದ್ದರೆ 15 ಮೀರಬೇಡಿ. 40 ಹಾಕಿ ಕವರ್ ಕರಗಿಸಿಕೊಂಡ ಮಹಾನುಭಾವ ಇಲ್ಲೇ ಇದ್ದೀನಿ.

ಎರಡು ಬಾಗಿಲು
ತಂತಿ ಬಲ್ಬ್ ಬದಲು ಎಲ್‌ಇಡಿ ಹಾಕಿದರೆ ಬಿಸಿಯ ರಗಳೆಯೇ ಇರಲ್ಲ ಅಲ್ವಾ? (ವೀಡಿಯೊ ನೋಡಿದೆ. ಲೈಟ್ ಉರಿಯುತ್ತಲೇ ಇತ್ತು. ಬಾಗಿಲ ಉಬ್ಬು ಮುರಿದಿದೆ.)

ಹಳೇ ಮೆಕ್ಯಾನಿಕ್
ಹಾಕಬಹುದು, ತೇವ ಮತ್ತು ಚಳಿ ತಡೆಯುವಂಥದ್ದು, ಫ್ರಿಜ್‌ಗೆ ಅಂತಲೇ ಮಾಡಿದ್ದು. ಕವರ್ ಒಳಗೆ ಹಿಡಿಸುವಷ್ಟು ಗಿಡ್ಡ ಇರಬೇಕು.

ಒಂದು ವಿಚಿತ್ರ ಮಾತ್ರ ತಿಳಿದಿರಲಿ. ಕೆಲವು ಹಳೇ ಫ್ರಿಜ್‌ಗಳಲ್ಲಿ ಚಳಿಗಾಲದ ಸ್ವಿಚ್ ಅಂತ ಇರುತ್ತೆ. ಕೋಣೆ ತುಂಬ ತಣ್ಣಗಿದ್ದರೆ ಕೆಳಗಿನ ಥರ್ಮೋಸ್ಟಾಟ್ ಸಾಕು ಅಂತ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತೆ, ಮೇಲೆ ಫ್ರೀಜರ್ ಕರಗೋಕೆ ಶುರು. ಅದಕ್ಕೆ ಆ ಸ್ವಿಚ್ ಒತ್ತಿದರೆ ಬಾಗಿಲು ಮುಚ್ಚಿದಾಗಲೂ ಬಲ್ಬ್ ಮಂದವಾಗಿ ಉರಿದು ಒಳಗೆ ಸ್ವಲ್ಪ ಬಿಸಿ ಕೊಡುತ್ತೆ. ಅಂಥದ್ದಕ್ಕೆ ಎಲ್‌ಇಡಿ ಹಾಕಿದರೆ ಬೆಳಕು ಬರುತ್ತೆ, ಬಿಸಿ ಬರಲ್ಲ.

ಮ್ಯಾಗ್ನೆಟ್ ಮನುಷ್ಯ
ನಮ್ಮದೂ ಸರಿ ಹೋಯ್ತು. ಕನೆಕ್ಟರ್‌ನಲ್ಲಿ ನೀರಿನ ಹನಿ ನಿಂತಿತ್ತು. ಒರೆಸಿ ಒಣಗಿಸಿ ಹಾಕಿದೆ. ಪಟ್ಟಿಯಲ್ಲಿ ಎರಡು ಎಲ್‌ಇಡಿ ಮಾತ್ರ ಮಂಕು. ನನಗೆ ಇಷ್ಟು ಬೆಳಕು ಸಾಕು.

ಟಾರ್ಚ್ ಹಿಡಿದವಳು
ಕೊನೇ ವರದಿ. ಹೊಸ ಹೋಲ್ಡರ್ ಹಾಕಿ ನಾಲ್ಕು ದಿನ ಆಯ್ತು. ಬಲ್ಬನ್ನು ಕೈಗೆ ತಡೆ ಸಿಗುವ ತನಕ ಮಾತ್ರ ತಿರುಗಿಸಿದೆ, ಜಟ್ಟಿ ಥರ ಬಿಗಿಯಲಿಲ್ಲ. ಬಾಗಿಲನ್ನು ಜೋರಾಗಿ ಹಾಕಿ ತೆಗೆದರೂ ಮಿಣುಕುತ್ತಿಲ್ಲ.

ಮೀಟರ್ ವಾಪಸ್ ಕೊಡುವ ಮುಂಚೆ ಒಂದು ಕುತೂಹಲ ಬಂತು. ಮೊದಲು ಬಿಚ್ಚಿಟ್ಟ ಹಳೇ ಬಲ್ಬ್ ಡ್ರಾಯರ್‌ನಲ್ಲಿ ಇನ್ನೂ ಇತ್ತು. ಹಿಡಿದು ನೋಡಿದೆ. 281.

ಸ್ಕ್ರೂಡ್ರೈವರ್ ಸಂಘ
ಅಯ್ಯೋ! ಅದು ಹೋಗೇ ಇರಲಿಲ್ಲ!

ಟಾರ್ಚ್ ಹಿಡಿದವಳು
ಹೂಂ. ಈಗ ಫ್ರಿಜ್‌ನಲ್ಲಿ ಉರಿಯುತ್ತಿರೋದು ಅದೇ. ಹೊಸವು ಎರಡೂ ಡಬ್ಬಿ ಸಮೇತ ಡ್ರಾಯರ್ ಸೇರಿವೆ.